ತಗ್ಗು ದನಿಯ ಹೆಣ್ಣು, ಎತ್ತರದ ಹಾಡು

ಶಿವಮೊಗ್ಗದಲ್ಲೊಂದು ಹೊಸಮನೆ ಇದೆ. ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿಯಲ್ಲೂ ಒಂದು ಹೊಸಮನೆ ಇದೆ. ಎರಡು ಊರಿನ ಈ ಎರಡು ಬಡಾವಣೆಗಳಲ್ಲಿ ಬೇರೆ ಏನು ಸಮಾನವೋ ಕಾಣೆ, ಗಣಪತಿ ಕೂರಿಸಿದ ಮೇಲೆ ಹಾಡಿನ ಕಾರ್ಯಕ್ರಮ ಇಡುವುದು ಮಾತ್ರ ಎರಡೂ ಕಡೆ ತಪ್ಪದು. ಹಿಂದೆ ಆರ್ಕೆಸ್ಟ್ರಾ ಬರುತ್ತಿತ್ತು. ಡ್ರಮ್ಸು, ಕೀಬೋರ್ಡು, ಗಿಟಾರು ಇಳಿಸಲು ಒಂದು ಟೆಂಪೋ ಬೇಕಾಗುತ್ತಿತ್ತು. ಈಗ ಒಬ್ಬ ಹುಡುಗ, ಒಂದು ಲ್ಯಾಪ್‌ಟಾಪು, ಎರಡು ಮೈಕು ಇದ್ದರೆ ಸಾಕು. ಹಾಡಿನಿಂದ ಗಾಯಕರ ದನಿಯನ್ನು ತೆಗೆದು ವಾದ್ಯಗಳನ್ನು ಮಾತ್ರ ಉಳಿಸಿದ ‘ಟ್ರ್ಯಾಕ್’ ಓಡುತ್ತದೆ, ಬೀದಿಯವರೇ ಸರದಿಯ ಮೇಲೆ ಬಂದು ಹಾಡುತ್ತಾರೆ. ಕರೋಕೆ ಎಂಬ ಜಪಾನಿ ಪದ ನಮ್ಮ ಬೀದಿಗಳಲ್ಲಿ ‘ಕರವೋಕೆ’, ‘ಕ್ಯಾರಿಯೋಕಿ’ ಎಂದೆಲ್ಲ ಆಗಿ ಮನೆಮಾತಾಗಿದೆ.

ಕಳೆದ ಹಬ್ಬದಲ್ಲಿ ಶಿವಮೊಗ್ಗದ ಹೊಸಮನೆಯ ಅಂಥದೊಂದು ಪೆಂಡಾಲಿನಲ್ಲಿ ಈ ಲೇಖಕಿಯೂ ಕುಳಿತಿದ್ದಳು. ನಲವತ್ತು ದಾಟಿದ ಒಬ್ಬ ಅಕ್ಕ ಮೈಕು ಹಿಡಿದರು. ಬೀದಿಯ ಆರತಿ, ಸೀಮಂತಗಳಲ್ಲಿ ಹಾಡಿ ಹೆಸರಾದವರು. ದನಿ ದಪ್ಪ, ತುಂಬು ದನಿ. ಎಸ್. ಜಾನಕಿಯವರ ಹಳೆಯ ಹಾಡೊಂದನ್ನು ಆರಿಸಿಕೊಂಡಿದ್ದರು. ಪಲ್ಲವಿ ಚೆನ್ನಾಗಿಯೇ ಸಾಗಿತು. ಚರಣಕ್ಕೆ ಹೋದಾಗ ಹಾಡು ಏರುತ್ತ ಹೋಯಿತು, ಅಕ್ಕನ ದನಿ ಒಡೆಯಿತು. ಮುಂದೆ ಕುಳಿತಿದ್ದ ಹುಡುಗರು ನಕ್ಕರು. ‘ಅಕ್ಕಾ, ಗಂಡಸರ ಹಾಡು ಹಾಕ್ಲಾ?’ ಎಂದು ಒಬ್ಬ ಕೂಗಿದ. ಅಕ್ಕನೂ ನಕ್ಕು ಮೈಕು ಕೆಳಗಿಟ್ಟರು. ಬಂದು ಪಕ್ಕದಲ್ಲಿ ಕುಳಿತು, ‘ನಂದು ಗೊಗ್ಗರು ದನಿ ಮಾರಾಯ್ತಿ, ಹಾಡೋ ದನಿ ಅಲ್ಲ’ ಎಂದರು.

ಈ ಮಾತು ನನಗೂ ಹೊಸದಲ್ಲ. ಶಾಲೆಯಲ್ಲಿ ಪ್ರಾರ್ಥನೆಯ ಗುಂಪಿಗೆ ಸೇರಿಸಿಕೊಂಡಾಗ ‘ನೀನು ಹಿಂದೆ ನಿಂತು ಸುಮ್ಮನೆ ಬಾಯಿ ಆಡಿಸು’ ಎಂದು ಹೇಳಿಸಿಕೊಂಡವಳು ನಾನು. ಅಂದಿನಿಂದ ಬಾಯಿ ಆಡಿಸುವುದೇ ಅಭ್ಯಾಸವಾಗಿದೆ. ಆದರೆ ಅಕ್ಕನ ಮಾತು ಕೇಳಿದ ಮೇಲೆ ಒಂದು ಪ್ರಶ್ನೆ ಕಾಡತೊಡಗಿತು. ಹೆಣ್ಣಿಗೆ ‘ಹಾಡೋ ದನಿ’ ಎಂದರೆ ಎತ್ತರದ, ತೆಳುವಾದ ದನಿಯೇ ಆಗಬೇಕೆಂದು ತೀರ್ಮಾನಿಸಿದವರು ಯಾರು, ಯಾವಾಗ? ಹುಡುಕಿ ನೋಡಿದರೆ ಈ ತೀರ್ಮಾನಕ್ಕೆ ಮುಕ್ಕಾಲು ಶತಮಾನಕ್ಕಿಂತ ತೀರಾ ಹೆಚ್ಚಿನ ವಯಸ್ಸಿಲ್ಲ.

ಹಾರ್ಮೋನಿಯಂನ ಮನೆಗಳು

ಮೊದಲು ದನಿಯ ಲೆಕ್ಕ ಸ್ವಲ್ಪ ತಿಳಿಯಬೇಕು. ಹಾರ್ಮೋನಿಯಂನ ಒಂದೊಂದು ಪಟ್ಟಿಯನ್ನು ನಮ್ಮಲ್ಲಿ ‘ಮನೆ’ ಎನ್ನುತ್ತಾರೆ. ಒಂದು ಸ್ಥಾಯಿಯಲ್ಲಿ 7 ಬಿಳಿ ಮನೆ, 5 ಕಪ್ಪು ಮನೆ, ಒಟ್ಟು 12. ಹಾಡುವವರು ತಮ್ಮ ಷಡ್ಜವನ್ನು ಯಾವ ಮನೆಯಲ್ಲಿ ಇಟ್ಟುಕೊಳ್ಳುತ್ತಾರೋ ಅದು ಅವರ ಶ್ರುತಿ. ಕರ್ನಾಟಕ ಸಂಗೀತದಲ್ಲಿ ಗಂಡಸರು ಸಾಮಾನ್ಯವಾಗಿ ಒಂದರಿಂದ ಎರಡು ಮನೆಯ ಶ್ರುತಿಯಲ್ಲಿ, ಹೆಂಗಸರು ಐದು, ಐದೂವರೆ ಮನೆಯ ಶ್ರುತಿಯಲ್ಲಿ ಹಾಡುವುದು ರೂಢಿ. ರೂಢಿ ಎಂದರೆ ಕಟ್ಟಳೆಯಲ್ಲ. ನಾಲ್ಕು, ನಾಲ್ಕೂವರೆ, ಮೂರು ಮನೆಗೆ ಇಳಿದು ಹಾಡುವ ಹೆಂಗಸರು ಬೇಕಾದಷ್ಟು ಮಂದಿ ಇದ್ದಾರೆ.

ದನಿಯ ಏರಿಳಿತಕ್ಕೆ ಕಾರಣ ಗಂಟಲಿನ ಧ್ವನಿತಂತುಗಳು. ಅವು ಉದ್ದವಾಗಿ, ದಪ್ಪವಾಗಿದ್ದಷ್ಟೂ ನಿಧಾನ ಕಂಪಿಸುತ್ತವೆ, ದನಿ ತಗ್ಗುತ್ತದೆ. ಮಾತನಾಡುವಾಗ ಗಂಡಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರವು ಸುಮಾರು 200 ಸಲ ಕಂಪಿಸುತ್ತವೆ ಎಂಬುದು ಸರಾಸರಿ ಲೆಕ್ಕ. ಸರಾಸರಿಯ ಆಚೆ ಈಚೆ ಇರುವವರು ಎಲ್ಲ ಊರಿನಲ್ಲೂ ಇದ್ದಾರೆ. ಅಷ್ಟೇ ಅಲ್ಲ, ಮುಟ್ಟು ನಿಲ್ಲುವ ವಯಸ್ಸಿನ ನಂತರ ಹೆಂಗಸರ ಧ್ವನಿತಂತುಗಳು ತುಸು ದಪ್ಪಗಾಗಿ ದನಿ ಇನ್ನಷ್ಟು ಇಳಿಯುತ್ತದೆ. ಇಪ್ಪತ್ತರಲ್ಲಿ ಐದು ಮನೆಯಲ್ಲಿ ಹಾಡುತ್ತಿದ್ದವರು ಐವತ್ತೈದರಲ್ಲಿ ಮೂರೂವರೆಗೋ ನಾಲ್ಕಕ್ಕೋ ಬರುವುದು ಸಹಜ. (ಬಿಳಿ ಮನೆಗಳ ನಡುವಿನ ಕಪ್ಪು ಮನೆಗೆ ‘ಅರ್ಧ’ ಎನ್ನುತ್ತಾರೆ. ಮೂರು ಮತ್ತು ನಾಲ್ಕರ ನಡುವೆ ಕಪ್ಪು ಮನೆಯೇ ಇಲ್ಲ, ಆದ್ದರಿಂದ ‘ಮೂರೂವರೆ’ ಎಂಬುದು ಬಾಯಿಮಾತು. ಸಂಗೀತ ಮೇಷ್ಟ್ರು ಬೈದಾರು!) ದನಿ ಇಳಿಯುವುದು ಬೇರೆ, ಒಡೆಯುವುದು ಬೇರೆ. ಮೂರು ವಾರ ಕಳೆದರೂ ಗಂಟಲು ಕಟ್ಟಿದಂತೆಯೇ ಇದ್ದರೆ ಅದಕ್ಕೆ ವೈದ್ಯರೇ ಬೇಕು.

ಈ ಲೆಕ್ಕದಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ನಮ್ಮ ಸಂಗೀತ ಪದ್ಧತಿಯಲ್ಲಿ ಪಾಠಕ್ಕೆ ಕುಳಿತ ಮೊದಲ ದಿನ ಗುರುಗಳು ಕೇಳುವುದು ‘ನಿನ್ನ ಶ್ರುತಿ ಎಷ್ಟು?’ ಎಂದು. ತಂಬೂರಿಯನ್ನು ಹಾಡುವವರ ಗಂಟಲಿಗೆ ತಕ್ಕಂತೆ ಬಿಗಿ ಮಾಡುತ್ತಾರೆ. ತ್ಯಾಗರಾಜರ ಕೃತಿಗಾಗಲೀ ಪುರಂದರದಾಸರ ಪದಕ್ಕಾಗಲೀ ಇಂಥದೇ ಮನೆ ಎಂದು ಬರೆದಿಟ್ಟಿಲ್ಲ. ರಾಗ ಇದೆ, ತಾಳ ಇದೆ, ಶ್ರುತಿ ಹಾಡುವವರದು.

ಬೀಸುವ ಪದ, ಗಮಕ

ಶಾಸ್ತ್ರೀಯ ಸಂಗೀತದ ಆಚೆಗೆ ಹೋದರೆ ಇದು ಇನ್ನೂ ಸ್ಪಷ್ಟ. ಬೀಸುವ ಕಲ್ಲಿನ ಮುಂದೆ ನಸುಕಿನಲ್ಲಿ ಕುಳಿತ ಹೆಂಗಸರು ತ್ರಿಪದಿ ಹಾಡಿದ್ದು ಯಾರನ್ನೂ ಮೆಚ್ಚಿಸುವುದಕ್ಕಲ್ಲ. ಬೀಸುವ ಪದ, ಸೋಬಾನೆ ಪದಗಳ ಧಾಟಿ ಹೆಚ್ಚಾಗಿ ಐದಾರು ಸ್ವರಗಳೊಳಗೇ ಸುತ್ತುತ್ತದೆ. ಕೈಯಲ್ಲಿ ಕಲ್ಲು ತಿರುಗಿಸುತ್ತ ತಾರಸ್ಥಾಯಿಗೆ ಏರಲು ಉಸಿರಾದರೂ ಎಲ್ಲಿಂದ ಬರಬೇಕು? ಒಬ್ಬಾಕೆ ಎತ್ತಿಕೊಟ್ಟ ದನಿಗೆ ಉಳಿದವರು ಸೇರಿಕೊಳ್ಳುತ್ತಾರೆ, ಎತ್ತಿಕೊಡುವವಳು ಅಜ್ಜಿಯಾದರೆ ಇಡೀ ಗುಂಪು ಅಜ್ಜಿಯ ಶ್ರುತಿಗೆ ಇಳಿಯುತ್ತದೆ. ಅಲ್ಲಿ ಗೊಗ್ಗರು ದನಿ ಎಂಬ ದೂರು ಇರಲಿಲ್ಲ.

ನಮ್ಮ ಜಿಲ್ಲೆಯದೇ ಇನ್ನೊಂದು ಉದಾಹರಣೆ ಗಮಕ. ಶಿವಮೊಗ್ಗದ ಪಕ್ಕದ ಮತ್ತೂರು-ಹೊಸಹಳ್ಳಿ ಅವಳಿ ಗ್ರಾಮಗಳು ಗಮಕಕ್ಕೆ ಹೆಸರಾದವು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಅವರು ತೀರಿಕೊಂಡರು. ಗಮಕದಲ್ಲಿ ತಾಳದ ಕಟ್ಟಿಲ್ಲ, ಕಾವ್ಯದ ಮಾತು ಕೇಳುವವರಿಗೆ ಮುಟ್ಟಬೇಕೆಂಬುದೇ ಗುರಿ. ತಗ್ಗು ದನಿಯ ಹೆಂಗಸರು ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ವಾಚಿಸಿದರೆ ದನಿಯ ತೂಕ ಕಾವ್ಯಕ್ಕೆ ಒದಗಿ ಬರುತ್ತದೆಯೇ ಹೊರತು ಅಡ್ಡಿಯಾಗುವುದಿಲ್ಲ.

ಹಾಗಾದರೆ ಬದಲಾವಣೆ ಬಂದದ್ದೆಲ್ಲಿ?

ಸಿನಿಮಾ ಬಂತು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು 1934ರಲ್ಲಿ. ಆಗ ನಟಿಸುವವರೇ ಹಾಡಬೇಕಿತ್ತು. ನಾಟಕ ಕಂಪನಿಗಳಿಂದ ಬಂದ ಆ ಕಲಾವಿದರ ದನಿಗಳು ಒಂದೊಂದೂ ಒಂದೊಂದು ಬಗೆ. ಹಿಂದಿ ಚಿತ್ರಗಳಲ್ಲೂ ಹಾಗೆಯೇ. ಅಲ್ಲಿ ಹೆಸರು ಮಾಡಿದ ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರ ಹಾಡುಗಳನ್ನು ಈಗ ಕೇಳಿ ನೋಡಿ. 1943ರ ‘ಕಿಸ್ಮತ್’ ಚಿತ್ರ ಕಲ್ಕತ್ತದ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಅದರ ಹಾಡುಗಳಲ್ಲಿ ಕೇಳಿಬರುವ ಅಮೀರ್‌ಬಾಯಿಯವರದು ಎದೆಯಿಂದ ಬರುವ, ಬೆಳೆದ ಹೆಂಗಸಿನ ದನಿ. ಅದೇ ಕಾಲದ ಜೊಹ್ರಾಬಾಯಿ ಅಂಬಾಲೇವಾಲಿ, ಶಂಷಾದ್ ಬೇಗಂ ಇವರದೂ ಗಟ್ಟಿ ದನಿಗಳೇ.

1947ರಲ್ಲಿ ದೇಶ ವಿಭಜನೆಯಾಗಿ ನೂರ್‌ಜಹಾನ್ ಪಾಕಿಸ್ತಾನಕ್ಕೆ ಹೋದರು. 1949ರಲ್ಲಿ ‘ಮಹಲ್’, ‘ಬರ್ಸಾತ್’, ‘ಅಂದಾಜ್’ ಚಿತ್ರಗಳು ಒಂದರ ಹಿಂದೊಂದು ಬಂದವು, ಲತಾ ಮಂಗೇಶ್ಕರ್ ಯುಗ ಆರಂಭವಾಯಿತು. ಆ ದನಿಯ ಮಾಧುರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಒಂದು ದನಿ ಯಶಸ್ವಿಯಾದ ಮೇಲೆ ಅದೇ ಅಚ್ಚಿನ ದನಿಯನ್ನೇ ಉದ್ಯಮ ಕೇಳತೊಡಗಿತು. ಹತ್ತು ಹದಿನೈದು ವರ್ಷಗಳೊಳಗೆ ನಾಯಕಿ ಎಂದರೆ ತೆಳು, ಎತ್ತರದ ದನಿ ಎಂಬುದು ಖಾಯಂ ಆಯಿತು. ಇದರ ಬಗ್ಗೆ ಸಮಾಜಶಾಸ್ತ್ರಜ್ಞ ಸಂಜಯ್ ಶ್ರೀವಾಸ್ತವ 2004ರಲ್ಲಿ ಒಂದು ಲೇಖನ ಬರೆದರು. ಸ್ವಾತಂತ್ರ್ಯಾನಂತರದ ದೇಶ ತನ್ನ ಆದರ್ಶ ಹೆಣ್ಣನ್ನು ಹೇಗೆ ಕಲ್ಪಿಸಿಕೊಂಡಿತು ಎಂಬ ಪ್ರಶ್ನೆಗೂ ಲತಾ ಅವರ ದನಿಗೂ ಸಂಬಂಧವಿದೆ ಎಂಬುದು ಅವರ ವಾದ. ಹೆಣ್ಣು ಸಾರ್ವಜನಿಕವಾಗಿ ಹಾಡಬಹುದು, ಆದರೆ ಆಕೆಯ ದನಿ ಹದಿಹರೆಯದ ಹುಡುಗಿಯದಾಗಿರಬೇಕು. ಈ ವಾದವನ್ನು ಪೂರ್ತಿ ಒಪ್ಪುವುದು ನನಗೆ ಕಷ್ಟ. ಕೋಟ್ಯಂತರ ಜನ ಒಂದು ದನಿಯನ್ನು ಮೆಚ್ಚಿದ್ದಕ್ಕೆ ದನಿಯ ಚೆಲುವೂ ಕಾರಣ ತಾನೇ? ಆದರೂ ಮೈಕಿನ ವಿಷಯ ನೆನೆದಾಗ ಯೋಚನೆಗೆ ಬೀಳುತ್ತೇನೆ. ಮೈಕು ಇಲ್ಲದ ಕಾಲದಲ್ಲಿ ಕಂಪನಿ ನಾಟಕದ ಕೊನೆಯ ಸಾಲಿನವರೆಗೆ ಕೇಳಿಸಲು ಏರುದನಿ ಬೇಕಿತ್ತು. ಮೈಕು ಬಂದ ಮೇಲೆ ತಗ್ಗಿನಲ್ಲಿ, ಪಿಸುಮಾತಿನಂತೆ ಹಾಡಿದರೂ ಊರಿಗೆಲ್ಲ ಕೇಳಿಸುವಂತಾಯಿತು. ಗಂಡಸರಲ್ಲಿ ಪಿ.ಬಿ. ಶ್ರೀನಿವಾಸರಂಥವರು ಈ ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡು ಮಂದ್ರದಲ್ಲಿ ಹಾಡಿದರು. ಹೆಂಗಸರ ಹಾಡು ಮಾತ್ರ ಮೇಲೆ ಹೋಯಿತು.

ದಕ್ಷಿಣದಲ್ಲಿ ಪಿ. ಸುಶೀಲಾ, ಎಸ್. ಜಾನಕಿ ಬಂದರು. ಸುಶೀಲಾ ಅವರು ಆರು ಭಾಷೆಗಳಲ್ಲಿ ಹಾಡಿದ 17,695 ಹಾಡುಗಳ ಲೆಕ್ಕವನ್ನು ಗಿನ್ನೆಸ್ ಸಂಸ್ಥೆ 2016ರಲ್ಲಿ ಒಪ್ಪಿತು. ಜಾನಕಿಯವರಂತೂ ಕನ್ನಡದ ಮನೆಮಗಳಾದರು, 2017ರಲ್ಲಿ ವಿದಾಯದ ಕಾರ್ಯಕ್ರಮಕ್ಕೆ ಅವರು ಆರಿಸಿಕೊಂಡದ್ದೂ ಮೈಸೂರನ್ನೇ. ‘ಹೇಮಾವತಿ’ (1977) ಚಿತ್ರದಲ್ಲಿ ಎಲ್. ವೈದ್ಯನಾಥನ್ ಸಂಗೀತಕ್ಕೆ ಅವರು ಹಾಡಿದ್ದನ್ನು ಕೇಳಿದವರು ಮನುಷ್ಯರ ಗಂಟಲು ಅಷ್ಟು ಮೇಲೇರಬಹುದೇ ಎಂದು ಇಂದಿಗೂ ಬೆರಗಾಗುತ್ತಾರೆ. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಮಲೆನಾಡಿನ ಅಡುಗೆಮನೆಗಳಿಗೆ ಈ ದನಿಗಳು ದಿನವೂ ಬಂದವು. ಕೆಲಸ ಮಾಡುತ್ತ ಅವನ್ನೇ ಗುನುಗಿದ ನಮ್ಮ ಅಮ್ಮಂದಿರು, ಅತ್ತೆಯಂದಿರು ಆ ಎತ್ತರವನ್ನೇ ಹಾಡಿನ ಅಳತೆಗೋಲು ಎಂದುಕೊಂಡದ್ದರಲ್ಲಿ ತಪ್ಪೇನು?

ಹಾಗೆಂದು ತಗ್ಗು, ಗಡಸು ಹೆಣ್ಣುದನಿ ಸಿನಿಮಾದಿಂದ ಮಾಯವಾಗಲಿಲ್ಲ. ಅದಕ್ಕೆ ಬೇರೆ ಕೋಣೆ ಕೊಟ್ಟರು. ಎಲ್.ಆರ್. ಈಶ್ವರಿ ‘ಪರೋಪಕಾರಿ’ (1970), ‘ಸಂಶಯ ಫಲ’ (1971) ಚಿತ್ರಗಳಲ್ಲಿ ಹಾಡಿದ ಹಾಡುಗಳು ಇಂದಿಗೂ ಆರ್ಕೆಸ್ಟ್ರಾಗಳಲ್ಲಿ ಶಿಳ್ಳೆ ಗಿಟ್ಟಿಸುತ್ತವೆ. ಆ ದನಿ ಹೆಚ್ಚಾಗಿ ಸಿಕ್ಕಿದ್ದು ಕುಣಿಯುವ, ಕೆಣಕುವ ಪಾತ್ರಗಳಿಗೆ. ಮದುವೆಯಾಗುವ ನಾಯಕಿಗೆ ಸುಶೀಲಾ ಅಥವಾ ಜಾನಕಿ, ಕ್ಲಬ್ಬಿನಲ್ಲಿ ಕುಣಿಯುವವಳಿಗೆ ಈಶ್ವರಿ. ದಕ್ಷಿಣದ ಹಿನ್ನೆಲೆ ಗಾಯನದ ಬಗ್ಗೆ ವರ್ಷಗಟ್ಟಲೆ ಅಧ್ಯಯನ ನಡೆಸಿದ ಅಮೆರಿಕದ ವಿದ್ವಾಂಸೆ ಅಮಾಂಡ ವೀಡ್‌ಮನ್ 2021ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಹಂಚಿಕೆಯನ್ನು ವಿವರವಾಗಿ ಚರ್ಚಿಸಿದ್ದಾರೆ. ನಮ್ಮ ಪೆಂಡಾಲಿನ ಹುಡುಗರು ನಕ್ಕದ್ದಕ್ಕೆ ಹಿನ್ನೆಲೆ ಇಷ್ಟು ಹಳೆಯದು. ಪಾಪ, ಅವರಿಗೇನು ಗೊತ್ತು.

ಗಂಗೂಬಾಯಿ

ಇಷ್ಟೆಲ್ಲ ನಡೆಯುತ್ತಿದ್ದಾಗಲೇ ಹುಬ್ಬಳ್ಳಿಯಲ್ಲಿ ಒಬ್ಬ ಹೆಂಗಸು ಈ ಅಳತೆಗೋಲನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಹಾಡುತ್ತಿದ್ದರು.

ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳಿಗೆ ಹಿಂದೂಸ್ತಾನಿ ಒಲಿಯುತ್ತಿದೆ ಎಂದು ಕಂಡಾಗ, ತನ್ನ ಹಾಡಿನ ನೆರಳು ಮಗಳ ಮೇಲೆ ಬೀಳಬಾರದೆಂದು ತಾಯಿ ತನ್ನ ಹಾಡನ್ನೇ ಬದಿಗಿಟ್ಟರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಹಾಡಿದಾಗ ಗಂಗೂಬಾಯಿ ಹನ್ನೊಂದು ವರ್ಷದ ಹುಡುಗಿ. 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿ ಅವರ ಗ್ರಾಮಫೋನ್ ತಟ್ಟೆಗಳನ್ನು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರತಂದಿತು. ಆ ತಟ್ಟೆಗಳ ದನಿ ಎತ್ತರದ್ದು, ಎಳೆಯದು. ನಂತರದ ಗಂಗೂಬಾಯಿಯವರನ್ನು ಮಾತ್ರ ಬಲ್ಲವರಿಗೆ ಅದು ಅವರದೇ ದನಿಯೆಂದು ನಂಬಿಸುವುದು ಕಷ್ಟ.

ನಡುವೆ ಆದದ್ದು ಗಂಟಲಿನ ತೊಂದರೆ. ಟಾನ್ಸಿಲ್‌ಗೆ ಚಿಕಿತ್ಸೆ ಪಡೆದ ಮೇಲೆ ಅವರ ದನಿ ಇಳಿಯಿತು, ದಪ್ಪವಾಯಿತು, ಗಂಡಸರು ಹಾಡುವ ಶ್ರುತಿಯ ಆಸುಪಾಸಿಗೆ ಬಂತು. ಹಾಡನ್ನೇ ನಂಬಿದ ಹೆಣ್ಣಿಗೆ ಇದಕ್ಕಿಂತ ದೊಡ್ಡ ಆಘಾತ ಇನ್ನೇನಿದ್ದೀತು? ಸಂಸಾರದ ಭಾರವೂ ಅವರ ಹಾಡಿನ ಮೇಲೆಯೇ ಇತ್ತು. ಹೊಸ ದನಿಯನ್ನು ಹಳೆಯ ಎತ್ತರಕ್ಕೆ ಎಳೆಯುವ ಹಟಕ್ಕೆ ಅವರು ಬೀಳಲಿಲ್ಲ, ಶ್ರುತಿಯನ್ನು ಇಳಿಸಿಕೊಂಡರು. ವಿಳಂಬ ಲಯದಲ್ಲಿ, ಮಂದ್ರದಿಂದ ಒಂದೊಂದೇ ಸ್ವರವನ್ನು ನಿಲ್ಲಿಸಿ ಕಟ್ಟಿಕೊಂಡು ಹೋಗುವ ಕಿರಾಣಾ ಘರಾಣೆಯ ಬೆಡಗು ಆ ಭಾರದ ದನಿಗೆ ಹೇಳಿ ಮಾಡಿಸಿದಂತಿತ್ತು.

ಇಲ್ಲೊಂದು ಸ್ವಾರಸ್ಯವಿದೆ. ಆ ಘರಾಣೆಯ ಮೂಲಪುರುಷ ಅಬ್ದುಲ್ ಕರೀಂ ಖಾನರು ಗಂಡಸಾದರೂ ಹಾಡುತ್ತಿದ್ದುದು ಎತ್ತರದ, ತೆಳುವಾದ ದನಿಯಲ್ಲಿ. ಗಂಗೂಬಾಯಿಯವರ ಗುರು, ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ನಾಟಕಗಳಲ್ಲಿ ಹೆಣ್ಣು ಪಾತ್ರ ಕಟ್ಟಿ ಹಾಡಿ ಹೆಸರಾದವರು. ಗಂಡಸರು ಹೆಣ್ಣಿನ ಎತ್ತರದಲ್ಲಿ ಹಾಡಿದ ಪರಂಪರೆಯನ್ನು ಹೆಣ್ಣೊಬ್ಬಳು ಗಂಡಿನ ತಗ್ಗಿನಲ್ಲಿ ಮುಂದುವರಿಸಿದಳು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು, ರೈಲಿನಲ್ಲೇ ಮನೆಗೆ ಮರಳುತ್ತಿದ್ದ ಶಿಷ್ಯೆಗೆ ಗುರುಗಳು ‘ನಿನ್ನ ದನಿ ಹೆಣ್ಣಿನದಲ್ಲ’ ಎಂದು ಹೇಳಿ ಕಳುಹಿಸಲಿಲ್ಲ. ಅದೇ ಗುರುಗಳ ಬಳಿ ಭೀಮಸೇನ ಜೋಶಿಯವರೂ ಕಲಿತರು.

ಗಂಗೂಬಾಯಿಯವರಿಗೆ 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂತು. ಅವರ ಕಛೇರಿಗಳಲ್ಲಿ ಮಗಳು ಕೃಷ್ಣಾ ಹಿಂದೆ ಕುಳಿತು ದನಿಗೂಡಿಸುತ್ತಿದ್ದರು. ಕೆಳಗೆ ತಾಯಿಯ ದಪ್ಪ ದನಿ, ಅದರ ಮೇಲೆ ಮಗಳ ತಿಳಿ ದನಿ. ಹಳೆಯ ಧ್ವನಿಮುದ್ರಣಗಳಲ್ಲಿ ಈ ಜೋಡಿಯನ್ನು ಕೇಳುವುದೇ ಒಂದು ಸುಖ. ಹೆಸರು ಹೇಳದೆ ಕೇಳಿಸಿದರೆ ಹಾಡುತ್ತಿರುವುದು ಗಂಡಸೆಂದು ಭಾವಿಸುವವರು ಈಗಲೂ ಇದ್ದಾರೆ. ನಮ್ಮ ಕಚೇರಿಯಲ್ಲೇ ಇಬ್ಬರಿಗೆ ಕೇಳಿಸಿ ನೋಡಿದೆ, ಇಬ್ಬರೂ ತಪ್ಪು ಹೇಳಿದರು. ಹೆಸರು ಹೇಳಿದ ಮೇಲೆ ಮತ್ತೊಮ್ಮೆ ಹಾಕಲು ಕೇಳಿದರು.

ಅವರು 2009ರ ಜುಲೈ 21ರಂದು ತೀರಿಕೊಂಡರು. ಅದಕ್ಕೆ ಐದು ದಿನ ಮೊದಲು, ಜುಲೈ 16ರಂದು, ಚೆನ್ನೈನಲ್ಲಿ ಡಿ.ಕೆ. ಪಟ್ಟಮ್ಮಾಳ್ ತೀರಿಕೊಂಡಿದ್ದರು. ಕರ್ನಾಟಕ ಸಂಗೀತದಲ್ಲಿ ಗಂಡಸರಿಗೇ ಮೀಸಲು ಎನ್ನುವಂತಿದ್ದ ರಾಗ-ತಾನ-ಪಲ್ಲವಿಯನ್ನು ಸಭೆಯಲ್ಲಿ ಹಾಡಿ ದಾರಿ ತೆರೆದ ಪಟ್ಟಮ್ಮಾಳ್ ಅವರದೂ ಗಂಭೀರವಾದ, ತಗ್ಗಿನ ದನಿಯೇ. ಒಂದೇ ವಾರದಲ್ಲಿ ಎರಡೂ ಸಂಗೀತ ಪದ್ಧತಿಗಳ ಎರಡು ದೊಡ್ಡ ಹೆಣ್ಣುದನಿಗಳು ಹೋದವು.

ಇನ್ನೊಂದು ಹೆಸರು ಉಷಾ ಉತ್ತುಪ್ ಅವರದು. ನಿನ್ನ ದನಿ ಹಾಡಿಗೆ ಹೊಂದುವುದಿಲ್ಲವೆಂದು ಶಾಲೆಯ ಸಂಗೀತ ತರಗತಿಯಿಂದ ಹೊರಗೆ ಕಳುಹಿಸಿದ್ದನ್ನು ಅವರೇ ಎಷ್ಟೋ ಸಲ ನಗುತ್ತ ಹೇಳಿಕೊಂಡಿದ್ದಾರೆ. 1969ರಲ್ಲಿ ಮದರಾಸಿನ ನೈಟ್‌ಕ್ಲಬ್ಬೊಂದರಲ್ಲಿ ಹಾಡಲು ಆರಂಭಿಸಿದ ಅವರಿಗೆ 2024ರಲ್ಲಿ ಪದ್ಮಭೂಷಣ ಬಂತು.

ಕೋಬೆಯ ಪೆಟ್ಟಿಗೆ

ಮತ್ತೆ ಕರೋಕೆಗೆ ಬರೋಣ. ಜಪಾನಿ ಭಾಷೆಯಲ್ಲಿ ‘ಕರ’ ಎಂದರೆ ಬರಿದು, ‘ಓಕೆ’ ಎಂಬುದು ಆರ್ಕೆಸ್ಟ್ರಾ ಪದದ ಮೊಟಕು ರೂಪ. ಯಂತ್ರ ಕಂಡುಹಿಡಿದವರು ತಾವೆಂದು ಹೇಳಿಕೊಳ್ಳಬಲ್ಲವರು ಒಬ್ಬರಿಗಿಂತ ಹೆಚ್ಚಿದ್ದಾರೆ. ಟೋಕಿಯೊದ ಶಿಗೇಯಿಚಿ ನೆಗಿಶಿ 1967ರಲ್ಲೇ ಅಂಥದೊಂದು ಪೆಟ್ಟಿಗೆ ಮಾಡಿದ್ದರು. ಫಿಲಿಪ್ಪೀನ್ಸಿನ ರೊಬೆರ್ಟೊ ಡೆಲ್ ರೊಸಾರಿಯೊ 1970ರ ದಶಕದಲ್ಲಿ ತಮ್ಮದೇ ಯಂತ್ರ ಮಾಡಿ ಹಕ್ಕುಪತ್ರ ಪಡೆದರು. ಹೆಚ್ಚು ಪ್ರಸಿದ್ಧವಾದದ್ದು ಕೋಬೆ ನಗರದ ದೈಸುಕೆ ಇನೊಯೆ 1971ರಲ್ಲಿ ಮಾಡಿದ, ನಾಣ್ಯ ಹಾಕಿದರೆ ಹಾಡು ನುಡಿಸುವ ಪೆಟ್ಟಿಗೆ.

ಇನೊಯೆಯವರ ಕಥೆ ನಮ್ಮ ವಿಷಯಕ್ಕೆ ಹತ್ತಿರದ್ದು. ಅವರು ಬಾರುಗಳಲ್ಲಿ ಗಿರಾಕಿಗಳು ಹಾಡುವಾಗ ವಾದ್ಯ ನುಡಿಸಿ ಹೊಟ್ಟೆ ಹೊರೆಯುತ್ತಿದ್ದವರು. ಗಿರಾಕಿಯ ದನಿ ಎಲ್ಲಿಗೆ ಎಟಕುತ್ತದೋ ಅಲ್ಲಿಗೆ ತಕ್ಕಂತೆ ನುಡಿಸುವುದೇ ಅವರ ಕಸುಬು. ಒಬ್ಬ ಗಿರಾಕಿ, ಸಣ್ಣ ಕಂಪನಿಯೊಂದರ ಮಾಲೀಕ, ಪ್ರವಾಸಕ್ಕೆ ಜೊತೆಗೆ ಬಂದು ನುಡಿಸಬೇಕೆಂದು ಕರೆದರಂತೆ. ಹೋಗಲಾಗದ ಇನೊಯೆ ಆತನಿಗೆ ಹೊಂದುವಂತೆ ನುಡಿಸಿ ಟೇಪು ಮಾಡಿ ಕೊಟ್ಟರು, ಯಂತ್ರದ ಯೋಚನೆ ಹುಟ್ಟಿದ್ದು ಅಲ್ಲಿಂದ. ಹಕ್ಕುಪತ್ರ ಮಾಡಿಸದ ಕಾರಣ ಯಂತ್ರದಿಂದ ಅವರು ಕೋಟ್ಯಧೀಶರಾಗಲಿಲ್ಲ. 2004ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಶಾಂತಿ ಪ್ರಶಸ್ತಿ ಸಿಕ್ಕಿತು. ಒಬ್ಬರ ಹಾಡನ್ನು ಇನ್ನೊಬ್ಬರು ಸಹಿಸಿಕೊಳ್ಳುವುದನ್ನು ಜಗತ್ತಿಗೆ ಕಲಿಸಿದರೆಂಬುದು ಅದಕ್ಕೆ ಕೊಟ್ಟ ಕಾರಣ!

ಅಂದರೆ ಒಬ್ಬ ಮನುಷ್ಯನ ದನಿಗೆ ಹೊಲಿದ ಅಂಗಿಯಂತೆ ಹುಟ್ಟಿದ ಕರೋಕೆ, ಊರೂರಿಗೆ ಹರಡುವಾಗ ರೆಡಿಮೇಡ್ ಅಂಗಿಯಾಯಿತು. ನಮ್ಮ ಟ್ರ್ಯಾಕ್‌ಗಳು ಮೂಲ ಗಾಯಕಿಯ ಶ್ರುತಿಯಲ್ಲೇ ಇರುತ್ತವೆ. ಜಾನಕಿಯವರ ಅಳತೆಯ ಅಂಗಿಯನ್ನು ಹೊಸಮನೆಯ ಅಕ್ಕ ತೊಟ್ಟರೆ ತೋಳು ಬಿಗಿಯುತ್ತದೆ. ಅದು ತೋಳಿನ ತಪ್ಪಲ್ಲ.

ಕ್ಯಾಸೆಟ್ ಕಾಲದಲ್ಲಿ ಇದಕ್ಕೆ ಪರಿಹಾರ ಕಷ್ಟವಿತ್ತು. ಟೇಪಿನ ವೇಗ ತಗ್ಗಿಸಿದರೆ ಶ್ರುತಿ ಇಳಿಯುತ್ತದೆ ನಿಜ, ಜೊತೆಗೆ ಹಾಡೂ ಕುಂಟುತ್ತದೆ. ಒಂದು ಮೆಟ್ಟಿಲು, ಅಂದರೆ ಹಾರ್ಮೋನಿಯಂನ ಪಕ್ಕದ ಮನೆಗೆ ಇಳಿಸಲು ಸುಮಾರು ಶೇಕಡಾ 6ರಷ್ಟು ವೇಗ ಕಡಿಮೆ ಮಾಡಬೇಕು. ನಾಲ್ಕು ನಿಮಿಷದ ಹಾಡನ್ನು ಮೂರು ಮೆಟ್ಟಿಲು ಇಳಿಸಿದರೆ ಅದು ಮುಕ್ಕಾಲು ನಿಮಿಷ ಉದ್ದವಾಗುತ್ತದೆ, ಕುಣಿತದ ಹಾಡು ಶೋಕಗೀತೆಯಾಗುತ್ತದೆ. ಗಣಕಯಂತ್ರ ಬಂದ ಮೇಲೆ ವೇಗ ಕೆಡದಂತೆ ಶ್ರುತಿಯನ್ನಷ್ಟೇ ಏರಿಸಿ ಇಳಿಸುವುದು ಸಾಧ್ಯವಾಗಿದೆ. ಟ್ರ್ಯಾಕ್ ಓಡಿಸುವ ತಂತ್ರಾಂಶಗಳಲ್ಲಿ ‘ಕೀ’ ಅಥವಾ ‘ಪಿಚ್’ ಎಂಬ ಗುಂಡಿ ಸಾಮಾನ್ಯವಾಗಿ ಇರುತ್ತದೆ. ಒಂದು ಸಲ ಒತ್ತಿದರೆ ಒಂದು ಮೆಟ್ಟಿಲು. ಪೆಂಡಾಲಿನ ಹುಡುಗನ ಲ್ಯಾಪ್‌ಟಾಪಿನಲ್ಲೂ ಅದು ಇತ್ತು. ಅಕ್ಕ ಕೇಳಲಿಲ್ಲ, ಹುಡುಗ ಹೇಳಲಿಲ್ಲ.

ಯಾವ ಹಾಡು ಆಗಬಹುದು?

ಸಂಗೀತ ಕಲಿಸುವವರನ್ನೂ ಕೀಬೋರ್ಡ್ ನುಡಿಸುವವರನ್ನೂ ಕೇಳಿದಾಗ ಎಲ್ಲರೂ ಮೊದಲು ಹೇಳಿದ ಮಾತು ಒಂದೇ. ಪಲ್ಲವಿ ನೋಡಿ ಮೋಸ ಹೋಗಬೇಡಿ, ಚರಣ ನೋಡಿ. ನಮ್ಮ ಚಿತ್ರಗೀತೆಗಳು ಪಲ್ಲವಿಯಲ್ಲಿ ನಡುವೆ ಓಡಾಡಿ ಚರಣದಲ್ಲಿ ಮೇಲೇರುವುದೇ ಹೆಚ್ಚು. ಹಾಡಿನ ತೀರ ಮೇಲಿನ ಸ್ವರ ಯಾವುದು, ಅಲ್ಲಿ ಒಂದು ಕ್ಷಣ ಮುಟ್ಟಿ ಬರಬೇಕೋ ಅಥವಾ ನಿಲ್ಲಬೇಕೋ ಎಂದು ಕೇಳಿಕೊಳ್ಳಬೇಕು. ಮುಟ್ಟಿ ಬರುವುದಾದರೆ ಹೇಗೋ ದಾಟಬಹುದು. ನಿಲ್ಲಬೇಕಾದರೆ ಅದು ನಮ್ಮ ಹಾಡಲ್ಲ, ಅಥವಾ ನಮ್ಮ ಶ್ರುತಿಯ ಹಾಡಲ್ಲ.

ಹಾಡಿನ ತುದಿಗೂ ನಮ್ಮ ಗಂಟಲಿನ ಸುಖದ ತುದಿಗೂ ಇರುವ ಅಂತರ ಎರಡು-ಮೂರು ಮೆಟ್ಟಿಲಾದರೆ ಟ್ರ್ಯಾಕ್ ಇಳಿಸಿದರೆ ಸಾಕು. ನಾಲ್ಕು ದಾಟಿದರೆ ಕೊಳಲು, ವೀಣೆಗಳ ನಾದವೇ ವಿಕಾರವಾಗುತ್ತದೆ. ಏಳು ಮೆಟ್ಟಿಲಿನ ಅಂತರವಿದ್ದರೆ ಬೇರೆ ಹಾಡು ಹುಡುಕುವುದೇ ಮೇಲು. ಇಳಿಸುವಾಗ ಹಾಡಿನ ಕೆಳ ತುದಿಯನ್ನೂ ನೋಡಬೇಕು. ಮೇಲೆ ಸರಿಹೋಯಿತೆಂದು ಇಳಿಸಿ, ಕೆಳಗಿನ ಸ್ವರ ಕೇಳಿಸದೇ ಹೋದರೆ ಪ್ರಯೋಜನವಿಲ್ಲ.

ಗಂಡಸರ ಹಾಡು? ಹುಡುಗ ತಮಾಷೆಗೆ ಹೇಳಿದರೂ ಅದರಲ್ಲಿ ವಿವೇಕವಿದೆ. ಪಿ.ಬಿ. ಶ್ರೀನಿವಾಸರ ಹಾಡುಗಳನ್ನು ಮೂರು-ನಾಲ್ಕು ಮೆಟ್ಟಿಲು ಏರಿಸಿದರೆ ತಗ್ಗು ದನಿಯ ಹೆಂಗಸಿಗೆ ಸಲೀಸಾಗುವ ಸಾಧ್ಯತೆ ಹೆಚ್ಚು. ‘ನಾಂದಿ’ (1964) ಚಿತ್ರದಲ್ಲಿ ವಿಜಯಭಾಸ್ಕರ್ ಸಂಗೀತಕ್ಕೆ ಅವರು ಹಾಡಿದ ಜೋಗುಳವನ್ನೇ ನೋಡಿ. ಸಿನಿಮಾದಲ್ಲಿ ಅಪ್ಪನ ಬಾಯಲ್ಲಿ ಬರುವ ಹಾಡು. ಆದರೆ ಜೋಗುಳ ಮೊದಲಿನಿಂದ ಯಾರ ಸೊತ್ತು? ‘ಅವಳೇ’, ‘ಚೆಲುವೆ’ ಎಂದು ಬರುವ ಹಾಡನ್ನು ಹೆಂಗಸು ಹಾಡುವುದೇ ಎಂಬ ಮುಜುಗರ ಕೆಲವರಿಗೆ. ಅಂಥವರಿಗೆ ಭಾವಗೀತೆಗಳಿವೆ, ದಾಸರ ಪದಗಳಿವೆ, ವಚನಗಳಿವೆ. ನಮ್ಮ ಜಿಲ್ಲೆಯ ನಗರದವರೇ ಆದ ಶಿವಮೊಗ್ಗ ಸುಬ್ಬಣ್ಣ ‘ಕಾಡು ಕುದುರೆ’ ಚಿತ್ರಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ತಂದರು, ಅವರು ಹಾಡಿದ ಎಷ್ಟೋ ಭಾವಗೀತೆಗಳನ್ನು ಹೆಂಗಸರು ಹಾಡುವಾಗ ಇದು ಗಂಡಸರ ಹಾಡೆಂದು ಯಾರೂ ತಕರಾರು ತೆಗೆಯುವುದಿಲ್ಲ. ಸುಗಮ ಸಂಗೀತದಲ್ಲಿ ಹಾರ್ಮೋನಿಯಂ ಇನ್ನೂ ಹಾಡುವವರ ಮಾತು ಕೇಳುತ್ತದೆ. ಇನ್ನು ಈಶ್ವರಿಯವರ ಹಾಡುಗಳಿವೆ. ಅವನ್ನು ಹಾಡಲು ದನಿಯ ಜೊತೆಗೆ ತುಸು ಧೈರ್ಯವೂ ಬೇಕು.

ಯುಗಳಗೀತೆಗಳ ಬಗ್ಗೆ ಎಚ್ಚರ ಹೇಳಬೇಕು. ಅಲ್ಲಿ ಒಂದೇ ಶ್ರುತಿಯಲ್ಲಿ ಗಂಡೂ ಹೆಣ್ಣೂ ಹಾಡಬೇಕು, ಒಬ್ಬರಿಗಾಗಿ ಇಳಿಸಿದರೆ ಇನ್ನೊಬ್ಬರಿಗೆ ಪಾತಾಳ. ತಗ್ಗು ದನಿಯ ಹೆಂಗಸು ಮತ್ತು ಏರುದನಿಯ ಗಂಡಸು ಸಾಲುಗಳನ್ನು ಅದಲು ಬದಲು ಮಾಡಿಕೊಂಡು ಹಾಡಿದ್ದನ್ನು ಭದ್ರಾವತಿಯ ಒಂದು ರಾಜ್ಯೋತ್ಸವದಲ್ಲಿ ನೋಡಿದ್ದೇನೆ. ಸಭೆ ಮೊದಲು ನಕ್ಕಿತು, ಎರಡನೇ ಚರಣದ ಹೊತ್ತಿಗೆ ಸುಮ್ಮನಾಗಿ ಕೇಳಿತು.

ಹೊಸಮನೆಯ ಪೆಂಡಾಲಿನಲ್ಲಿ ಗಣಪತಿ ಬಿಡುವ ಹಿಂದಿನ ದಿನ ಮತ್ತೆ ಹಾಡುಗಳಿದ್ದವು. ಅಕ್ಕನನ್ನು ನಾನೇ ಒತ್ತಾಯ ಮಾಡಿ ಎಬ್ಬಿಸಿದೆ. ಹುಡುಗನ ಬಳಿ ಹೋಗಿ ‘ನಾಂದಿ’ಯ ಜೋಗುಳದ ಟ್ರ್ಯಾಕ್ ಇದೆಯೇ ಎಂದು ಕೇಳಿದೆವು. ಇತ್ತು. ‘ಎಷ್ಟು ಏರಿಸ್ಲಿ ಅಕ್ಕಾ?’ ಎಂದ. ಎರಡು ಅಂದರು, ಗುನುಗಿ ನೋಡಿ ಮೂರು ಅಂದರು. ಹಾಡು ಮುಗಿಯುವಾಗ ಮುಂದಿನ ಸಾಲಿನಲ್ಲಿ ಯಾರದೋ ಮಗು ನಿಜವಾಗಿಯೂ ನಿದ್ದೆ ಹೋಗಿತ್ತು. ಇಳಿದು ಬಂದ ಅಕ್ಕ, ‘ನಾಲ್ಕು ಮಾಡಿದ್ರೂ ಆಗ್ತಿತ್ತೇನೋ’ ಎಂದರು.